ಸ್ಪೀಡೋಮೀಟರಿನ ಕೆಳಗೊಂದು ಬಿಳಿ ಕರವಸ್ತ್ರ

ಹೆಣ್ಣು ನೋಡಲು ಆನವಟ್ಟಿಯಿಂದ ಬಂದಿದ್ದ ಚಂದ್ರಶೇಖರನ ಬಿಳಿ ಪ್ಯಾಂಟಿನ ಮೇಲೆ ಅಂಗೈಯಗಲ ಕಪ್ಪು ಎಣ್ಣೆ ಕಂಡಾಗ ನೀಲಾಂಬಿಕ ನಕ್ಕುಬಿಟ್ಟಳು. ಅಡುಗೆಮನೆಯ ಕಿಟಕಿಯ ಹಿಂದೆ, ಸೆರಗು ಬಾಯಿಗೊತ್ತಿಕೊಂಡು ನಕ್ಕರೂ ಅಂಗಳದವರೆಗೆ ಕೇಳಿಸಿತು.

ಶಿಕಾರಿಪುರದ ಮಂಡಿ ಸದಾಶಿವಪ್ಪನ ಮಗಳು ನಗುವುದನ್ನು ಆ ಬೀದಿ ಕೇಳಿದ್ದು ಅವತ್ತೇ ಮೊದಲು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ನಾಲಿಗೆ ಏಳದವಳು. ಆದರೆ ಅವಳ ಕಣ್ಣಿಗೆ ಬೀಳದೆ ಆ ಅಂಗಳದಲ್ಲಿ ಇರುವೆಯೂ ದಾಟುತ್ತಿರಲಿಲ್ಲ.

ತಪ್ಪು ಕಾರಿನದು. ಸದಾಶಿವಪ್ಪನ ಮನೆಯ, ಅಜ್ಜನ ಕಾಲದ ವಿಲಾಯಿತಿ ಕಾರು. ಭಾವಿ ಅಳಿಯ ಜಂಬದಿಂದ ಅಂಬ್ಲಿಗೊಳದ ಡ್ಯಾಮಿನವರೆಗೆ ಓಡಿಸಿಕೊಂಡು ಹೋಗಿದ್ದ. ದಾರಿಯುದ್ದಕ್ಕೂ ಸ್ಪೀಡೋಮೀಟರಿನ ಕೆಳಗಿಂದ ಎಣ್ಣೆ ತೊಟ್ಟಿಕ್ಕಿ ಅವನ ತೊಡೆ ತೋಯಿಸಿತ್ತು.

ಮರುದಿನ ಮೆಕ್ಯಾನಿಕ್ ಸುರೇಂದ್ರ ಬಂದ. ಸೊರಬದ ಕಡೆಯವನು, ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹಿಂದೆ ಶೆಡ್ ಹಾಕಿ ಎರಡು ವರ್ಷವಾಗಿತ್ತು.

"ಶುಕ್ರವಾರ ನಿಶ್ಚಯ ಐತಿ. ಇದೇ ಕಾರಾಗ ಆನವಟ್ಟಿಗೆ ಹೋಗ್ಬೇಕು," ಎಂದ ಸದಾಶಿವಪ್ಪ. "ಇನ್ನೊಂದು ಹನಿ ಬಿತ್ತೋ, ಈ ಊರಾಗ ಒಂದು ಲಾರೀನೂ ನಿನ್ ಶೆಡ್ಡಿನ ಮುಂದ ನಿಲ್ಲಂಗಿಲ್ಲ, ತಿಳ್ಕ."

ಮಂಡಿಯ ಲಾರಿಗಳೆಲ್ಲ ಸದಾಶಿವಪ್ಪನ ಮಾತು ಕೇಳುವಂಥವು. ಸುರೇಂದ್ರ ಹೂಂಗುಟ್ಟಿ ಕಾರಿನಡಿ ನುಸುಳಿದ.

ಸೋಮವಾರ ಹೊಸ ಸೀಲು ಹಾಕಿದ. ಸೋರಿತು. ಮಂಗಳವಾರ ಗೇರ್‌ಬಾಕ್ಸಿನಿಂದ ಸ್ಪೀಡೋಮೀಟರಿಗೆ ಹೋಗುವ ಕೇಬಲ್ಲನ್ನೇ ಬದಲಿಸಿದ. ಮತ್ತೆ ಸೋರಿತು.

"ರೀ, ಟೆಸ್ಟ್ ನೋಡೋಕೆ ಒಂದು ಬಿಳಿ ಬಟ್ಟೆ ಕೊಡ್ತೀರಾ?" ಕಿಟಕಿಯತ್ತ ತಿರುಗಿ ಕೇಳಿದ.

ನೀಲಾಂಬಿಕ ಒಳಗೋಡಿ ಟ್ರಂಕಿನಿಂದ ಕರವಸ್ತ್ರ ತಂದಳು. ಮೂಲೆಯಲ್ಲಿ ಅವಳೇ ಹಾಕಿದ ನೀಲಿ ಹೂವು.

"ಅಯ್ಯೋ ಮಾರಾಯ್ರೆ, ಇದು ಹಾಳಾಗ್ತದೆ!"

"ಆಗ್ಲಿ," ಎಂದಳು. ಎರಡಕ್ಷರ. ಕಿವಿಯವರೆಗೂ ಬಿಸಿಯೇರಿತು.

ಅವನು ಒಂದು ಸುತ್ತು ಹೊಡೆದು ಬಂದಾಗ ಹೂವು ಕಪ್ಪಾಗಿತ್ತು. ಚಹಾ ಕುಡಿದಿಟ್ಟ ಸ್ಟೀಲ್ ಲೋಟದ ಮೇಲೆ ಅವನ ಹೆಬ್ಬೆರಳಿನ ಎಣ್ಣೆ ಗುರುತು. ಆ ಗುರುತನ್ನು ಅವಳು ತೊಳೆಯಲಿಲ್ಲ.

"ಗೇರ್‌ಬಾಕ್ಸಿನ ಎಣ್ಣೆ ಇದು. ಎಂತದೋ ಒತ್ತಿ ಒತ್ತಿ ಕೇಬಲ್ಲಿನೊಳಗೆ ಮೇಲಕ್ಕೆ ಹತ್ತಿಸ್ತದೆ," ಎಂದು ಅವನು ತನಗೆ ತಾನೇ ಹೇಳಿಕೊಳ್ಳುವಂತೆ ಗೊಣಗಿದ. "ಆ ಎಂತದು ಅನ್ನೋದೇ ಸಿಗ್ತಿಲ್ಲ."

ಒಲೆಯ ಮೇಲೆ ಕುಕ್ಕರ್ ಇತ್ತು. ವಿಷಲ್ಲಿನ ತೂತಿಗೆ ಬೇಳೆ ಸಿಕ್ಕಿದಾಗ ರಬ್ಬರಿನ ಸಂದಿಯಿಂದ ನೀರು ಚಿಮ್ಮುವುದನ್ನು ಅವಳು ಎಷ್ಟು ಸಲ ಕಂಡಿಲ್ಲ! ಥಟ್ಟನೆ ಹೋದ ವರ್ಷದ ಆಯುಧಪೂಜೆ ನೆನಪಾಯಿತು. ಸೀಟಿನ ಮುಂದಿನ ಹಲಗೆ ತೆಗೆದು ಅಪ್ಪ ಗೇರ್‌ಬಾಕ್ಸಿನ ನೆತ್ತಿಗೆ ದಪ್ಪವಾಗಿ ವಿಭೂತಿ ಬಳಿದಿದ್ದ. ಅದು ಅಳಿಸಬಾರದೆಂದು ಮೇಲೆ ವಾರ್ನಿಷ್ ಹೊಡೆಸಿದ್ದ. ವಿಭೂತಿಯ ನಟ್ಟನಡುವೆ ಒಂದು ಪುಟ್ಟ ತೂತು ಮುಚ್ಚಿಹೋದದ್ದನ್ನು, ಹೂವಿನ ತಟ್ಟೆ ಹಿಡಿದು ನಿಂತ ಅವಳು ನೋಡಿದ್ದಳು. ಸುರೇಂದ್ರನೋ, ಹಲಗೆ ತೆಗೆದಾಗಲೆಲ್ಲ ಆ ವಿಭೂತಿಗೆ ಕೈ ಮುಗಿದು, ಅದನ್ನು ತಾಗಿಸದೆ ಸುತ್ತಲಷ್ಟೇ ಒರೆಸುತ್ತಿದ್ದ.

ಗೊತ್ತಾಗಿತ್ತು. ಆದರೂ ಬುಧವಾರವಿಡೀ ತುಟಿ ಬಿಚ್ಚಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಸೋತು, ಪಾನಾಗಳನ್ನೆಲ್ಲ ಚೀಲಕ್ಕೆ ತುಂಬತೊಡಗಿದ. "ನಾಳೆ ಶೆಡ್ ಮುಚ್ಚಿ ಊರಿಗೆ ಹೋಗ್ತೀನಿ ಬಿಡಿ. ನಮ್ಮಪ್ಪನ ಗದ್ದೆ ಉಂಟಲ್ಲ."

ನೀಲಾಂಬಿಕ ಅಂಗಳಕ್ಕಿಳಿದಳು. ಕಿಟಕಿಯಿಲ್ಲದೆ ಅವನೆದುರು ನಿಂತದ್ದು ಅದೇ ಮೊದಲು.

"ಆ ವಿಭೂತಿ ಅಡಿಗೆ ಒಂದು ತೂತೈತಿ. ಗಾಳಿ ಹೋಗೋಕೆ ಜಾಗ ಇಲ್ಲ. ಅದಕ್ಕೇ ಎಣ್ಣೆ ಮೇಲೆ ನುಗ್ತದ."

ಅವನು ಕಾರಿನತ್ತ ತಿರುಗಿದ. "ಬ್ರೀದರ್! ಥತ್, ನನ್ನ ತಲೆಗೆ ಹೊಳೀಲೇ ಇಲ್ಲ... ನಿಮಗೆ ಯಾವಾಗ ಗೊತ್ತಾತು?"

"ಮಂಗಳವಾರ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಸೋರೋದು ನಿಂತ್ರೆ ಕಾರು ಆನವಟ್ಟಿಗೆ ಹೋಗ್ತದ."

ಅವನ ಕೈಯ ಪಾನಾ ನೆಲಕ್ಕೆ ಬಿತ್ತು. ಅದನ್ನು ಇಬ್ಬರೂ ಎತ್ತಲಿಲ್ಲ.

"ಈಗ ಯಾಕೆ ಹೇಳಿದ್ರಿ?" ದನಿ ಮೆತ್ತಗಾಗಿತ್ತು.

"ನಿಮ್ಮ ಕೈ ಕೆಟ್ಟದಲ್ಲ ಅಂತ ಊರಿಗೆ ಗೊತ್ತಾಗ್ಬೇಕು. ಆನವಟ್ಟಿಗೆ ನಾ ಹೋಗಂಗಿಲ್ಲ. ಅದಕ್ಕೆ ಕಾರು ಯಾಕೆ ಸೋರಬೇಕು? ನನಗೇ ಬಾಯೈತಲ್ಲ."

"ನಿಮ್ಮಪ್ಪಾರು ಇಟ್ಟ ವಿಭೂತಿ ನಾನು ಹೆಂಗೆ ಕೆರೀಲಿ?"

"ನೀವು ಕೆರೀಬ್ಯಾಡ್ರಿ."

ಅವಳೇ ಕಾರು ಹತ್ತಿ ಹಲಗೆ ಸರಿಸಿದಳು. ಜಡೆಯಿಂದ ಹೇರ್‌ಪಿನ್ ಕಿತ್ತು, ವಾರ್ನಿಷ್ ಎಬ್ಬಿಸಿ, ತೂತಿಗೆ ಚುಚ್ಚಿದಳು. ಬೆಳಗಿನ ಟೆಸ್ಟಿನ ಬಿಸಿ ಇನ್ನೂ ಆರದ ಗೇರ್‌ಬಾಕ್ಸು 'ಉಸ್ಸ್' ಎಂದಿತು. ಉದುರಿದ ವಿಭೂತಿಯನ್ನು ಬಿಸಾಡಲಿಲ್ಲ. ಹಣೆಗಿಟ್ಟುಕೊಂಡಳು. ಎಣ್ಣೆ ಬೆರೆತು ಬೂದುಗಪ್ಪಾಗಿತ್ತು.

"ಯಾವನಲೇ ಅದನ್ನ ಕೆರೆದೋನು?" ಬಾಗಿಲಲ್ಲಿ ಸದಾಶಿವಪ್ಪ.

"ನಾನಪ್ಪ," ಎಂದಳು ನೀಲಾಂಬಿಕ. "ಬಿಳಿ ಪಂಚೆ ಉಟ್ಟೀರಲ್ಲ, ನೀವೇ ಓಡಿಸಿ ನೋಡ್ರಿ."

ಮಗಳ ದನಿ ಅಷ್ಟು ದೊಡ್ಡದೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಹೋಗಿ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಅವಳು, ಹಿಂದೆ ಸುರೇಂದ್ರ. ಅಂಬ್ಲಿಗೊಳದ ಏರಿ ಬಂತು. ಪಂಚೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟಿನ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳೂ ತಲೆ ತಗ್ಗಿಸಲಿಲ್ಲ.

"ಭೇಷ್!" ಅಪ್ಪ ಹಿಗ್ಗಿದ. "ನಾಳೆ ಆನವಟ್ಟಿಗೆ ಜಬರ್ದಸ್ತಾಗಿ ಹೋಗಾನ."

"ನಾ ಬರಂಗಿಲ್ಲಪ್ಪ. ಆ ಹುಡುಗ ನನಗೆ ಬ್ಯಾಡ. ನನಗೆ ಬೇಕಾದೋರು ಹಿಂದೆ ಕೂತಾರ."

ಕಾರು ಗಕ್ಕನೆ ನಿಂತಿತು. ಅಪ್ಪನ ಮುಖ ಕೆಂಪೇರಿತು. "ಇಳಿ ಕೆಳಗ."

ಇಳಿದಳು. ಹಿಂದಿನ ಬಾಗಿಲೂ ತೆರೆಯಿತು.

"ನಿನಗ್ಯಾರಲೇ ಇಳಿ ಅಂದ್ರು?"

"ಯಾರೂ ಅನ್ಲಿಲ್ರೀ," ಎಂದ ಸುರೇಂದ್ರ. "ನಾನೇ ಇಳಿದೆ. ಲಾರಿ ನಿಲ್ಲಿಸೋದು ಬಿಡೋದು ನಿಮ್ಮಿಷ್ಟ. ಇವರ ಜೊತೆ ನಿಲ್ಲೋದು ನನ್ನಿಷ್ಟ."

ಕಾರು ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಇಬ್ಬರೂ ಕಾಲುವೆ ಪಕ್ಕದಲ್ಲಿ ನಡೆದರು. ಅವನು ಅವಳತ್ತ ತಿರುಗಿದ.

"ಭಯ ಆಗ್ತದಾ?"

"ಆಗ್ತದ. ವಾಪಸ್ ಹೋಗು ಅಂದ್ರೆ ಮಾತ್ರ ಒದೀತೀನಿ."

ಅವನ ನಗು ಮುಗಿಯುವ ಮೊದಲೇ ತಿರುವು ಬಂತು. ಅಲ್ಲಿ ಹುಣಸೆಮರದಡಿ ಕಾರು ನಿಂತಿತ್ತು. ಸದಾಶಿವಪ್ಪ ಬಾನೆಟ್ಟಿಗೊರಗಿ ತನ್ನ ಪಂಚೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಹತ್ರಿ," ಎಂದ, ತಲೆಯೆತ್ತದೆ.

ನೀಲಾಂಬಿಕ ಅಲ್ಲೇ ನಿಂತಳು. "ಎಲ್ಲಿಗೆ ಅಂತ ಹೇಳಿದ್ರೆ ಹತ್ತೀವಿ."

ಅಪ್ಪ ತಲೆಯೆತ್ತಿ ಅವಳ ಹಣೆಯ ಬೂದುಗಪ್ಪು ವಿಭೂತಿಯನ್ನು ನೋಡಿದ. ಅಜ್ಜ ಬೇಡವೆಂದದ್ದೆಲ್ಲ ಬೇಕೆಂದು ಹಟ ಹಿಡಿದು ಈ ಕಾರಿನಲ್ಲೇ ಒಂದು ಕಾಲಕ್ಕೆ ತಾನೂ ಓಡಾಡಿದ್ದು ನೆನಪಾಯಿತೋ ಏನೋ, ಸುರೇಂದ್ರನತ್ತ ತಿರುಗಿದ.

"ಏ ಸೊರಬದೋನೇ. ಇಷ್ಟೊತ್ತಿನಾಗ ನಿಮ್ಮಪ್ಪ ಮನ್ಯಾಗ ಸಿಗ್ತಾನೇನು? ಮಾತಾಡ್ತೀನಿ, ಅಷ್ಟೇ. ಒಪ್ಪೀನಿ ಅಂತ ಅಲ್ಲ."

"ಅಪ್ಪ, ನೀವು ಹಿಂದೆ ಕೂತ್ಕೊಳ್ರಿ," ಎಂದಳು ನೀಲಾಂಬಿಕ.

ಸುರೇಂದ್ರ ಸ್ಟೇರಿಂಗ್ ಮುಂದೆ ಕೂತ. ಅವಳು ಸೊಂಟದಿಂದ ಅಂಥದೇ ನೀಲಿ ಹೂವಿನ ಇನ್ನೊಂದು ಕರವಸ್ತ್ರ ತೆಗೆದು, ಅಪ್ಪ ನೋಡುತ್ತಿದ್ದಂತೆಯೇ, ಸ್ಪೀಡೋಮೀಟರಿನ ಕೆಳಗೆ ಅವನ ತೊಡೆಯ ಮೇಲೆ ಹಾಸಿದಳು.

"ಒಂದು ಹನಿ ಬಿದ್ರೂ ಸೊರಬದಿಂದ ಬಸ್ಸಿಗೆ ವಾಪಸ್ ಬರ್ತೀನಿ, ನೋಡ್ರಿ."

ಸೊರಬ ಬಂದಾಗ ಆ ಕರವಸ್ತ್ರದ ಮೇಲಿದ್ದುದು ನೀಲಿ ಹೂವು ಮತ್ತು ಅವನ ಹೆಬ್ಬೆರಳಿನ ಗುರುತು, ಅಷ್ಟೇ.