ಅಡ್ಡಹೆಸರಿಲ್ಲದ ಸ್ಲೇಟರ್

ಇಷ್ಬೆಲ್ ಸ್ಲೇಟರಳ ಮದುವೆಗೆ ನಲವತ್ತು ತಿಮಿಂಗಿಲಗಳು ಬಂದಿದ್ದವು. ಕರೆಯದೆ ಬಂದವಲ್ಲ, ಒಂದೊಂದಕ್ಕೂ ಅಚ್ಚು ಹಾಕಿಸಿದ ಕಾಗದ ಹೋಗಿತ್ತು. ಬಂದರಿನ ಬಾಯಲ್ಲಿ ಸಾಲಾಗಿ ನಿಂತು, ಪಾದ್ರಿ "ಒಪ್ಪಿಗೆಯೇ?" ಎಂದು ಕೇಳಿದ ಕ್ಷಣ ನಲವತ್ತೂ ಒಟ್ಟಿಗೆ ನೀರು ಚಿಮ್ಮಿಸಿ, ಪೋರ್ಟ್‌ಸ್ಕಾರಿಯ ಅಷ್ಟೂ ಮನೆಗಳ ಮಾಡು ತೊಳೆದುಬಿಟ್ಟವು. ನಂಬದವರು ಬಂದು ನೋಡಬಹುದು, ಇನ್ನೂ ಹೊಳೆಯುತ್ತಿವೆ.

ಆದರೆ ಆ ಮದುವೆಯ ತನಕ ಹೋಗಲು ಕೆಲವು ಸತ್ತವರನ್ನು ಹಾದು ಹೋಗಬೇಕು.

ಪೋರ್ಟ್‌ಸ್ಕಾರಿ ಸ್ಕಾಟ್ಲೆಂಡಿನ ಈಶಾನ್ಯ ದಡಕ್ಕೆ ಉಗುರು ಊರಿ ನೇತುಬಿದ್ದ ಮೀನುಗಾರರ ಊರು. ಮನೆಗಳು ಮುನ್ನೂರು, ಮನೆತನಗಳ ಹೆಸರು ಮೂರೇ: ಸ್ಲೇಟರ್, ರೀಡ್, ಮೇರ್. ಹಿಂದಿನ ಕಾಲದಲ್ಲಿ ಕಟ್ಟೆಯ ಮೇಲೆ ನಿಂತು "ಅಲೆಕ್ಸಾಂಡರ್ ಸ್ಲೇಟರ್!" ಎಂದು ಕೂಗಿದರೆ ಹದಿನೇಳು ಜನ ತಿರುಗಿ ನೋಡುತ್ತಿದ್ದರಂತೆ, ಹದಿನೆಂಟನೆಯದು ನಾಯಿ. ಅದಕ್ಕೇ ಮನೆಗೊಂದು ಅಡ್ಡಹೆಸರು. ಅದು ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ. ಚರ್ಚಿನ ಪುಸ್ತಕದಲ್ಲಿ, ಶಾಲೆಯ ಹಾಜರಿಯಲ್ಲಿ, ಗೋರಿಕಲ್ಲಿನ ಮೇಲೆ, ಎಲ್ಲಿ ಹೆಸರು ಬರೆದರೂ ಅದರ ಬೆನ್ನಿಗೆ ಅಡ್ಡಹೆಸರೂ ಬರಲೇಬೇಕು. ಇಷ್ಬೆಲ್ ಮನೆಯವರು ಸ್ಲೇಟರ್, ಕೊಕ್ಕರೆ. ಊರಿನ ದಾಖಲೆ ಕೋಣೆ ನೋಡಿಕೊಳ್ಳುವ ಎಂಬತ್ತೆರಡರ ಮುದುಕಿ ಬೆಥಿಯಾ ರೀಡ್, ಸೂಜಿ.

ದಾಖಲೆ ಕೋಣೆಯೆಂದರೆ ಹಳೆಯ ಉಪ್ಪಿನ ಮಳಿಗೆಯ ಅಟ್ಟ. ಬೆಳಗ್ಗೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಗ್ರೆಗರ್ ಮೇರ್, ಮಧ್ಯಾಹ್ನ ಅಲ್ಲಿ ಕೂತು ಸತ್ತವರನ್ನು ರಿಪೇರಿ ಮಾಡುತ್ತಿದ್ದ. ಯಾರ ಅಜ್ಜ ಎಲ್ಲಿ ಹುಟ್ಟಿದ, ಯಾವ ದೋಣಿಯಲ್ಲಿ ಮುಳುಗಿದ ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಉತ್ತರ ಸಮುದ್ರದ ಈ ದಡದಲ್ಲಿ ಅಂಥ ಚೆಲುವ ಹುಟ್ಟಿರಲಿಲ್ಲ. ಅವನು ನಕ್ಕರೆ ದೀಪಸ್ತಂಭದವರು ದೀಪ ಆರಿಸಿ ಮಲಗುತ್ತಿದ್ದರು.

ನವೆಂಬರಿನ ಒಂದು ಮಧ್ಯಾಹ್ನ, ಕಡಲ ಮಂಜು ಕಿಟಕಿಗೆ ಮುಖ ಒತ್ತಿ ನಿಂತಿದ್ದಾಗ ಇಷ್ಬೆಲ್ ಮೆಟ್ಟಿಲು ಹತ್ತಿ ಬಂದಳು. ಮೈಮೇಲೆ ಬಸ್ ಕಂಪನಿಯ ನೀಲಿ ಕೋಟು. ಗ್ರೆಗರ್ ಕೂತಲ್ಲಿಂದ ಎದ್ದು ನಿಂತ. ಹೋದ ವಾರವಷ್ಟೇ ಕರಾವಳಿ ಬಸ್ಸಿನ ಡ್ರೈವರ್ ಮೇಲೆ ಅವನು ದೂರು ಬರೆದಿದ್ದ.

"ದೂರು ಬರ್ದಿದ್ದು ನಾನೇ," ಎಂದು ತಾನೇ ಮೊದಲು ಶುರುಮಾಡಿದ. "ಡ್ರೈವರ್ ಇಷ್ಟು ಚೆನ್ನಾಗಿದಾರೆ ಅಂತ ಗೊತ್ತಿದ್ರೆ ಬರೀತಾನೇ ಇರ್ಲಿಲ್ಲ."

"ಯಾವ ದೂರು?"

"ಬಸ್ಸು ಎರಡು ಗಂಟೆ ಮುಂಚೆ ಹೊರಟೋಯ್ತು ಅಂತ."

"ಎರಡು ನಿಮಿಷ," ಎಂದಳು. "ನೀವು ಓಡ್ಕೊಂಡು ಬರೋದು ಕನ್ನಡೀಲಿ ಕಾಣ್ತಿತ್ತು. ಓಟ ನೋಡೋಕೆ ಚೆನ್ನಾಗಿತ್ತು, ಅದಕ್ಕೇ ನಿಲ್ಲಿಸ್ಲಿಲ್ಲ."

ಮೂಲೆಯಲ್ಲಿ ಚಹಾ ಸೋಸುತ್ತಿದ್ದ ಬೆಥಿಯಾ ಗೊಳ್ಳನೆ ನಕ್ಕಳು. ಇಷ್ಬೆಲ್ ನಗಲಿಲ್ಲ. ಒಂದೊಂದೇ ಬೆರಳಿನಿಂದ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಅವಳ ಕಣ್ಣು ಬೂದುಬಣ್ಣದ್ದು, ಮಳೆಗೆ ಮುಂಚಿನ ಕಡಲಿನದು. ಆ ಕಣ್ಣು ತನ್ನ ಮೇಲೆ ನಿಂತಾಗ, ಬದುಕಿನಲ್ಲಿ ಮೊದಲ ಸಲ ಗ್ರೆಗರನ ಬಾಯಿಗೆ ಸುಳ್ಳು ಬರಲಿಲ್ಲ.

"ನಮ್ಮ ಮುತ್ತಜ್ಜನ ಅಪ್ಪ," ಎಂದಳು. "ಅಲೆಕ್ಸಾಂಡರ್ ಸ್ಲೇಟರ್, ಕೊಕ್ಕರೆ. ಅವನು ಹೇಗೆ ಸತ್ತ ಅಂತ ಗೊತ್ತಾಗ್ಬೇಕು."

"ಯಾಕೆ ಅಂತ ಕೇಳ್ಬಹುದಾ?"

"ನಮ್ಮಪ್ಪ ಆರು ವರ್ಷದ ಹಿಂದೆ ಸಮುದ್ರಕ್ಕೆ ನಡ್ಕೊಂಡು ಹೋದ. ಬೂಟು ಬಿಚ್ಚಿ, ದಡದಲ್ಲಿ ಜೋಡಿಸಿಟ್ಟು. ಅವನ ಅಪ್ಪಾನೂ ಹಾಗೇ ಹೋಗಿದ್ದ. ಇದು ಕೊಕ್ಕರೆಗಳ ರಕ್ತದಲ್ಲೇ ಇದೆ, ಆ ಅಲೆಕ್ಸಾಂಡರನಿಂದ ಶುರುವಾಗಿದ್ದು ಅಂತಾರೆ ಊರವ್ರು." ಅವಳು ಕೈಗವಸನ್ನು ಮಡಿಸಿದಳು, ಬಿಡಿಸಿದಳು. "ಅದು ನಿಜ ಆದ್ರೆ ನನ್ನ ಹತ್ರ ಬಂದು ನಿಲ್ಲಲಿ. ಮದುವೆ ಇಲ್ಲ, ಮಕ್ಕಳಿಲ್ಲ. ಮುಂದಕ್ಕೆ ಕಳಿಸಲ್ಲ."

ಬೆಥಿಯಾಳ ಕೈಯಲ್ಲಿ ಚಹಾದ ಜರಡಿ ತೊಟ್ಟಿಕ್ಕುತ್ತಲೇ ಇತ್ತು.

ಅಂದಿನಿಂದ ಗ್ರೆಗರ್ ಹುಡುಕಿದ್ದನ್ನು ಹುಡುಕಾಟ ಎಂದರೆ ಅವಮಾನ. ಹನ್ನೊಂದು ಸಾವಿರ ಪುಟ ತಿರುವಿದ. ಒಂದು ವಾರ ಮಲಗಲಿಲ್ಲ, ಊಟಕ್ಕೆ ಬದಲು ಧೂಳು ತಿಂದ. ಇಷ್ಬೆಲ್ ಡ್ಯೂಟಿ ಮುಗಿಸಿ ದಿನಾ ಬಂದು ಎದುರಿಗೆ ಕೂತಳು. ಒಂದೇ ಪುಸ್ತಕದ ಮೇಲೆ ಎರಡು ತಲೆ ಬಾಗಿದವು. ಅವಳ ಕೂದಲಿನ ಒಂದು ಎಳೆ 1871ರ ಜನಗಣತಿಯ ಮೇಲೆ ಬಿದ್ದಾಗ ಅವನು ಅದನ್ನು ಸರಿಸಲಿಲ್ಲ, ಆ ಸಾಲನ್ನು ಮೂರು ಸಲ ಓದಿದ.

"ಆ ಸಾಲಲ್ಲಿ ಏನಿದೆ ಅಂಥದ್ದು?"

"ಒಬ್ಬ ಪೀಪಾಯಿ ಮಾಡೋನು."

"ಅಷ್ಟು ಚೆನ್ನಾಗಿದಾನಾ?"

"ಬಹಳ."

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಇನ್ನೊಂದು ಮೂಲೆಗೆ ಇನ್ನೂ ಅನುಮತಿ ಸಿಕ್ಕಿರಲಿಲ್ಲ.

ಹತ್ತನೆಯ ದಿನ, ಅವಳಿಲ್ಲದ ಹೊತ್ತಿನಲ್ಲಿ, ಅಲೆಕ್ಸಾಂಡರ್ ಸ್ಲೇಟರ್, ಕೊಕ್ಕರೆ, ಸಿಕ್ಕಿದ. ಇನ್ವರ್‌ಡೌರ್ ಪೇಟೆಯಲ್ಲಿದ್ದ ಹುಚ್ಚಾಸ್ಪತ್ರೆ ಮುಚ್ಚಿದಾಗ ಅಲ್ಲಿಂದ ಬಂದ ರೋಗಿಗಳ ಪುಸ್ತಕದಲ್ಲಿ. ಪಕ್ಕದಲ್ಲೇ ಅವನ ಸಾವಿನ ದಾಖಲೆಯನ್ನೂ ತೆರೆದಿಟ್ಟುಕೊಂಡು ಗ್ರೆಗರ್ ಓದಿದ. ಓದಿ ಮುಗಿಸಿ ಎರಡನ್ನೂ ಮುಚ್ಚಿದ. ಕಿಟಕಿಯ ಹತ್ತಿರ ಹೋಗಿ ಮಂಜಿಗೆ ಹಣೆ ಕೊಟ್ಟು ನಿಂತ.

ಆಮೇಲೆ ಅವನು ಮಾಡಿದ್ದು ಇಷ್ಟು. ಮರಣದ ಪುಸ್ತಕದಲ್ಲಿ ಇನ್ನೊಬ್ಬ ಅಲೆಕ್ಸಾಂಡರ್ ಸ್ಲೇಟರನನ್ನು ಹುಡುಕಿದ. ಈತ ಎಂಬತ್ನಾಲ್ಕು ವರ್ಷ ಬದುಕಿ ಹಾಸಿಗೆಯಲ್ಲಿ ಸತ್ತವನು, ಕಾರಣ ಮುಪ್ಪು. ಅವನ ಅಡ್ಡಹೆಸರು 'ಬೆಣ್ಣೆ'. ಆ ಅಡ್ಡಹೆಸರಿನ ಮೇಲೆ ಬಿಳಿ ಕಾಗದದ ಒಂದು ಚೂರಿಟ್ಟು ಗ್ರೆಗರ್ ಜೆರಾಕ್ಸ್ ತೆಗೆದ.

ಸಂಜೆ ಇಷ್ಬೆಲ್ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು.

"ಮುಪ್ಪಾ?"

"ಮುಪ್ಪೇ. ಬಟ್ಟಲು ಗಂಜಿ ಪೂರ್ತಿ ಕುಡಿದು, ಬಾಯಿ ಒರೆಸ್ಕೊಂಡು ಸತ್ತ."

"ಅದೂ ಬರೆದಿದೆಯಾ?"

"ಅದು ಬಾಯಿಮಾತು."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಕೈ ತೆಗೆದಾಗ ತುಟಿಯ ಎರಡೂ ಮೂಲೆ ನಗುತ್ತಿದ್ದವು. ಅಂಥ ನಗು ನೋಡಿದ ಗಂಡಸು ಸತ್ಯ ಹೇಳಬೇಕಿತ್ತು ಎನ್ನುವವರು ಮೊದಲು ಅಂಥ ನಗು ನೋಡಿ ಬರಲಿ.

ಡಿಸೆಂಬರ್ ಪೂರ್ತಿ ಅವನು ಬಸ್ಸಿನ ಮೊದಲ ಸೀಟಿನಲ್ಲಿ ಕೂತು ಕರಾವಳಿಯ ಉದ್ದಕ್ಕೂ ಹೋಗಿಬಂದ. ಅವಳ ಕಣ್ಣು ರಸ್ತೆಯ ಮೇಲೆ, ಅವನ ಕಣ್ಣು ಕನ್ನಡಿಯ ಮೇಲೆ. ಕನ್ನಡಿಯಲ್ಲಿ ಅವಳು ಹುಬ್ಬೆತ್ತಿದರೆ ಮುಂದಿನ ತಿರುವಿನವರೆಗೂ ಅವನಿಗೆ ಉಸಿರಿಲ್ಲ.

"ಇಳಿಯೋದು ಎಲ್ಲಿ, ಮಾರಾಯ?"

"ಬಸ್ಸು ಹಳೇದಾಗಿ ಗುಜರಿಗೆ ಹಾಕ್ತಾರಲ್ಲ, ಅಲ್ಲಿ."

ಇನ್ವರ್‌ಡೌರ್‌ನ ಕೊನೆಯ ಸ್ಟಾಪಿನಲ್ಲಿ, ಖಾಲಿ ಬಸ್ಸಿನಲ್ಲಿ, ಗಾಜಿನ ಮೇಲೆ ಆಲಿಕಲ್ಲು ಬೀಳುತ್ತಿದ್ದಾಗ ಅವನು ಮದುವೆಯಾಗುತ್ತೀಯಾ ಎಂದು ಕೇಳಿದ. ಅವಳು ಸ್ಟಿಯರಿಂಗ್ ಮೇಲಿಂದ ಒಂದು ಕೈ ತೆಗೆದಳು. ಸ್ಪೀಡೋಮೀಟರಿನ ಪಕ್ಕ ಸಿಕ್ಕಿಸಿದ್ದ ಆ ಜೆರಾಕ್ಸನ್ನು ಬೆರಳಿಂದ ಮುಟ್ಟಿದಳು.

"ಈ ಹಾಳೆ ಇದೆ ಅಂತ ಹೂಂ ಅಂತಿದೀನಿ, ಗ್ರೆಗರ್. ಇದಿಲ್ದೆ ಇದ್ರೆ ಅಂತಿರ್ಲಿಲ್ಲ."

ಅವನು ಅವಳ ಅಂಗೈಗೆ ಮುತ್ತಿಟ್ಟ. ಡೀಸೆಲ್ ವಾಸನೆ, ಉಪ್ಪಿನ ರುಚಿ. ಆ ಹಾಳೆಯ ಕಡೆ ಮಾತ್ರ ನೋಡಲಿಲ್ಲ.

ಜನವರಿಯಲ್ಲಿ ಅವಳು ಮೆಟ್ಟಿಲು ಹತ್ತಿ ಬಂದಾಗ ಕೈಗವಸು ಕಳಚಲಿಲ್ಲ. ಹಾಳೆಯನ್ನು ಬೆಥಿಯಾಳ ಮುಂದಿಟ್ಟಳು.

"ಅಜ್ಜಿ, ಇದನ್ನ ದಿನಕ್ಕೆ ಹತ್ತು ಸಲ ನೋಡ್ತಿದ್ದೆ. ಇವತ್ತು ಸಿಗ್ನಲ್‌ನಲ್ಲಿ ನಿಂತಾಗ ಕಂಡಿದ್ದು. ಇದ್ರಲ್ಲಿ ಏನಿಲ್ಲ, ಹೇಳಿ."

ಬೆಥಿಯಾ ಕನ್ನಡಕ ಏರಿಸಿದಳು. "ಅಡ್ಡಹೆಸರೇ ಇಲ್ವಲ್ಲೇ! ಬಾಲ ಇಲ್ದಿರೋ ಮೀನು ನೋಡಿದೀನಿ, ಅಡ್ಡಹೆಸರಿಲ್ಲದ ಸ್ಲೇಟರನ್ನ ನೋಡಿಲ್ಲ." ಹಾಳೆಯನ್ನು ಬೆಳಕಿಗೆ ಹಿಡಿದಳು. ಕಾಗದದ ಚೂರಿನ ನಾಲ್ಕು ಅಂಚಿನ ನೆರಳು ತೆಳ್ಳಗೆ ಕಂಡಿತು. ಮುದುಕಿ ನಿಧಾನವಾಗಿ ಗ್ರೆಗರನ ಕಡೆ ತಿರುಗಿದಳು. "ಹಾಳಾಗಿಹೋಗ. ಬೆಣ್ಣೆಯವನನ್ನ ತಂದು ಕೊಕ್ಕರೆ ಗೂಡಲ್ಲಿ ಇಟ್ಟಿದೀಯಲ್ಲೋ!"

"ತೋರಿಸು," ಎಂದಳು ಇಷ್ಬೆಲ್. ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು.

ಅವನು ಎರಡೂ ಪುಸ್ತಕ ತಂದು ತೆರೆದ. ಅವಳು ನಿಂತೇ ಓದಿದಳು, ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ.

1876ರ ಮಾರ್ಚಿನಲ್ಲಿ 'ಕ್ರಿಸ್ಟಿನಾ' ಎಂಬ ದೋಣಿ ಬಂದರಿನ ಬಾಯಲ್ಲೇ, ಹೆಂಡಿರು ಮಕ್ಕಳ ಕಣ್ಣೆದುರೇ ಮಗುಚಿತು. ಆರು ಜನರಲ್ಲಿ ಐವರು ಹೋದರು, ಅವರಲ್ಲಿ ಇಬ್ಬರು ಅಲೆಕ್ಸಾಂಡರನ ತಮ್ಮಂದಿರು. ಅವನೊಬ್ಬ ದಡ ಸೇರಿದ. ಕಡಲಿಗೆ ಸಲ್ಲಬೇಕಾದವನು ತಪ್ಪಿಸಿಕೊಂಡು ಬಂದರೆ, ಅವನ ಬದಲು ಕಡಲು ಬೇರೆಯವರನ್ನು ಕೇಳುತ್ತದೆ ಎಂಬುದು ಊರಿನ ನಂಬಿಕೆ. ಯಾರೂ ಅವನನ್ನು ದೋಣಿಗೆ ಹತ್ತಿಸಲಿಲ್ಲ. ಚರ್ಚಿನಲ್ಲಿ ಅವನ ಬೆಂಚಿನಿಂದ ಎದ್ದು ಹೋದರು. ಅವನು ದಿನಾ ಬೆಳಗ್ಗೆ ದಡದಲ್ಲಿ ನಿಂತು ಐದು ಹೆಸರು ಕೂಗತೊಡಗಿದ. ಆಗ ಊರು ಅರ್ಜಿ ಬರೆದು ಅವನನ್ನು ಆಸ್ಪತ್ರೆಗೆ ಕಳಿಸಿತು.

"ಕಾರಣ," ಎಂದು ಇಷ್ಬೆಲ್ ಓದಿದಳು, "ದೋಣಿ ಮುಳುಗಿದ್ದು. ನೆರೆಯವರು ಮಾತು ಬಿಟ್ಟಿದ್ದು." ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು. "ರಕ್ತ ಅಂತ ಬರೆದಿಲ್ಲ."

"ಇಲ್ಲ," ಎಂದ ಗ್ರೆಗರ್.

"ರೋಗಿ ದಿನಾ ಬೆಳಗ್ಗೆ ಇವತ್ತು ಭಾನುವಾರವೇ ಎಂದು ಕೇಳುತ್ತಾನೆ." ಪಕ್ಕದ ಅಂಕಣ: "ಭೇಟಿ. ಹೆಂಡತಿ ಮಾರ್ಜರಿ. ಒಂಬತ್ತು ಮೈಲಿ ನಡೆದು ಬಂದಳು." ಅದರ ಕೆಳಗೆ ಮತ್ತೆ ಅದೇ. ಮತ್ತೆ ಅದೇ. ಅರವತ್ತೊಂದು ಭಾನುವಾರ. ಅರವತ್ತೆರಡನೆಯದಕ್ಕೆ ಅಲೆಕ್ಸಾಂಡರನನ್ನು ಮನೆಗೆ ಬಿಟ್ಟಿದ್ದರು.

ಇಷ್ಬೆಲ್ ಸಾವಿನ ದಾಖಲೆಯನ್ನೂ ಓದಿದಳು. ಹನ್ನೊಂದು ವರ್ಷದ ಮೇಲೆ, ಮಾರ್ಚಿನ ಒಂದು ಬೆಳಗ್ಗೆ, ಸಮುದ್ರದಲ್ಲಿ ಸಿಕ್ಕ ದೇಹ. ಬೂಟು ದಡದಲ್ಲಿತ್ತು.

ಬೆಥಿಯಾ ಕನ್ನಡಕ ಕಳಚಿ ಮೇಜಿನ ಮೇಲಿಟ್ಟಳು.

"ಆ ಹನ್ನೊಂದು ವರ್ಷದಲ್ಲೇ ಹುಟ್ಟಿದ್ದು ನಿಮ್ಮ ಮುತ್ತಜ್ಜ," ಎಂದಳು.

"ಕಳಿಸಿದ್ದು ಯಾರು? ಅರ್ಜಿ ಬರೆದಿದ್ದು?" ಇಷ್ಬೆಲ್ ಪುಟದ ತಳಕ್ಕೆ ಬಗ್ಗಿದಳು. ಅಲ್ಲಿ ಒಂದು ಸಹಿಯಿತ್ತು. ಯಾವನೋ ಒಬ್ಬ ಜೇಮ್ಸ್ ಮೇರ್, ದೋಣಿಯ ಯಜಮಾನ. ಮೇರ್‌ಗಳು ಈ ಊರಲ್ಲಿ ಕಡಲ ಹಕ್ಕಿಗಳಷ್ಟಿದ್ದಾರೆ, ಬಿಡಿ. ಇಷ್ಬೆಲ್ ಆ ಸಹಿಯನ್ನು ಓದಿದಳು. ತಲೆಯೆತ್ತಿ ಗ್ರೆಗರನನ್ನು ನೋಡಿದಳು. ಆ ಬೂದು ಕಣ್ಣಿನಲ್ಲಿ ಮಳೆ ಶುರುವಾಗಿತ್ತು.

"ನಮ್ಮಪ್ಪನ ಬಗ್ಗೆ ಹದಿನಾಲ್ಕು ಜನ ನಂಗೆ ಸುಳ್ಳು ಹೇಳಿದ್ರು," ಎಂದಳು. "ಕಾಲು ಜಾರಿರ್ಬೇಕು, ಅಲೆ ಬಂದಿರ್ಬೇಕು ಅಂತ. ನಂಗೆ ಬೇಕಾಗಿದ್ದು ಏನನ್ನೂ ಬಚ್ಚಿಡದೆ ಹೇಳೋ ಒಬ್ಬ. ಒಬ್ಬನೇ ಒಬ್ಬ."

ಅವಳು ಇಳಿದು ಹೋದಳು. ಹೊರಗೆ ಬಸ್ಸು ಕೆಮ್ಮಿ ಹೊರಟಿತು, ಸರಿಯಾದ ಹೊತ್ತಿಗೆ.

ಆಮೇಲೇನು? ಪ್ರೀತಿಯ ಮುಂದೆ ಕೋಪ ಎಷ್ಟು ದಿನ ನಿಂತೀತು? ಮೂರೇ ದಿನಕ್ಕೆ ಅವಳು ಓಡಿ ಬಂದಳು, ವಸಂತಕ್ಕೆ ಮದುವೆಯಾಯಿತು, ಮೊದಲೇ ಹೇಳಿದ ಹಾಗೆ ನಲವತ್ತು ತಿಮಿಂಗಿಲಗಳು...

ಇಲ್ಲಿಯವರೆಗೆ ಬರೆದು ಇಷ್ಬೆಲ್ ಕೈಗೆ ಕೊಟ್ಟಾಯಿತು. ಇನ್ವರ್‌ಡೌರ್‌ನ ತನ್ನ ಅಡುಗೆಮನೆಯಲ್ಲಿ ಕೂತು ಅವಳು ಪೂರ್ತಿ ಓದಿ, ಕೆಂಪು ಪೆನ್ನು ಕೇಳಿದಳು. ಮದುವೆ ಬಂದ ಎರಡು ಕಡೆಯೂ ಅಡ್ಡಗೆರೆ ಎಳೆದಳು. ಆಮೇಲೆ ಎರಡು ಹೆಸರಿನ ಸುತ್ತ ವೃತ್ತ ಹಾಕಿದಳು.

"ನಂಗೆ ಅಡ್ಡಹೆಸರಿದೆ. ಬೆಥಿಯಾಗೂ ಇದೆ. ಸತ್ತ ಬೆಣ್ಣೆಯವನಿಗೂ ಇದೆ. ಈ ಇಬ್ಬರಿಗೆ ಎಲ್ಲಿ? ಮತ್ತೆ ಕಾಗದದ ಚೂರು ಇಟ್ಟಿದೀಯಾ?"

ಹೌದು, ಇಟ್ಟಿದ್ದೆ.

ಅರ್ಜಿಗೆ ಸಹಿ ಹಾಕಿದವನು ಜೇಮ್ಸ್ ಮೇರ್, ತಿಮಿಂಗಿಲ. ಈ ಕಥೆ ಹೇಳುತ್ತಿರುವವನು ಗ್ರೆಗರ್ ಮೇರ್, ತಿಮಿಂಗಿಲ. ನಮ್ಮ ಮುತ್ತಜ್ಜನ ಅಪ್ಪ ಅವಳ ಮುತ್ತಜ್ಜನ ಅಪ್ಪನನ್ನು ಆ ಆಸ್ಪತ್ರೆಗೆ ಕಳಿಸಿದ. ಬಂಗುಡೆ ಹಿಡಿದು ತಿಮಿಂಗಿಲ ಎನ್ನುವ ಮನೆ ನಮ್ಮದು. ಆ ಅರ್ಜಿಯಲ್ಲಿ ಒಬ್ಬ ದುಃಖಿತನನ್ನು 'ಊರಿಗೇ ಅಪಾಯ' ಎಂದು ಬರೆದಿದ್ದೂ ಅದೇ ನಾಲಗೆ. ಜೆರಾಕ್ಸಿನ ಮೇಲೆ ಚೂರು ಇಟ್ಟಾಗ ನಾನು ಅವಳ ನಗುವನ್ನಷ್ಟೇ ಕಾಯುತ್ತಿರಲಿಲ್ಲ, ನನ್ನ ಹೆಸರನ್ನೂ ಕಾಯುತ್ತಿದ್ದೆ. ನಾನು ಚೆಲುವನೂ ಅಲ್ಲ. ದೀಪಸ್ತಂಭ ಹಾಗೇ ಉರಿಯುತ್ತಿದೆ.

ಮದುವೆಯಾಗಿಲ್ಲ. ಮೂರು ದಿನಕ್ಕೆ ಅವಳು ಓಡಿಯೂ ಬರಲಿಲ್ಲ. ಒಂದು ಚೀಟಿ ಬಂತು: "ಮಾರ್ಜರಿ ಅರವತ್ತೊಂದು ಸಲ ನಡೆದಳು. ನೀನೂ ನಡಿ. ಆಮೇಲೆ ಕೇಳು. ನಾನು ಹೂಂ ಅಂತೀನಿ ಅಂತ ಮಾತು ಕೊಡಲ್ಲ."

ಹಾಗಾಗಿ ಭಾನುವಾರ ಬೆಳಗ್ಗೆ ಪೋರ್ಟ್‌ಸ್ಕಾರಿ ಬಿಡುತ್ತೇನೆ. ಒಂಬತ್ತು ಮೈಲಿ. ಅವಳ ಅಪ್ಪನ ಬೂಟು ಸಿಕ್ಕ ದಡದ ಮೇಲೆಯೇ ದಾರಿ ಹಾದು ಹೋಗುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ಏನೂ ಅಲಂಕಾರ ಹಚ್ಚದೆ. ಅವಳ ಮನೆಯಲ್ಲಿ ಒಂದು ಕಪ್ ಚಹಾ. ಅವಳು ಅಪ್ಪನ ಬಗ್ಗೆ ಹೇಳುತ್ತಾಳೆ, ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಇದು ಒಂಬತ್ತು ಮೈಲಿಗಿಂತ ಕಷ್ಟ.

"ಕೊನೇಲಿ ಎಷ್ಟು ಭಾನುವಾರ ಆಯ್ತು ಅಂತ ಬರಿ," ಎಂದಳು ಇಷ್ಬೆಲ್, ಪೆನ್ನು ನನ್ನ ಕಡೆ ತಳ್ಳಿ.

"ನಲವತ್ತು."

"ತಿಮಿಂಗಿಲ."

"ಹದಿನಾಲ್ಕು."

ಅವಳು ಕಪ್ಪಿನ ಮೇಲಿಂದ ಸುಮ್ಮನೆ ನೋಡಿದಳು, ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದಳಲ್ಲ, ಹಾಗೆ.

ಹದಿಮೂರು. ಒಂದು ಭಾನುವಾರ ಮಳೆಯೆಂದು ಬಸ್ಸು ಹತ್ತಿದ್ದೆ.