ಮನೆಯೊಳಗಿನಿಂದ ಓದಿದವರು

ನಾನು ದಿನಚರಿ ಬರೆಯುವುದು ಕಂಪ್ಯೂಟರಿನಲ್ಲಿ. ಕಳೆದ ತಿಂಗಳು ನನ್ನವರು ಒಂದು ಸ್ಟೋರೇಜ್ ಪೆಟ್ಟಿಗೆ ತಂದು ವೈಫೈಗೆ ಜೋಡಿಸಿ, ನಮ್ಮ ಫೋಟೊ, ಬರಹಗಳನ್ನೆಲ್ಲ ಅದರಲ್ಲಿಟ್ಟು, ಎಲ್ಲಿಂದ ಬೇಕಾದರೂ ಫೋನಿನಲ್ಲಿ ನೋಡುವಂತೆ ಮಾಡಿದರು. ದಿನಚರಿಗೆ ಮಾತ್ರ ನನಗೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್ ಇಟ್ಟೆ. ಅದನ್ನು ಯಾರೂ ಓದಬಾರದಿತ್ತು, ಅವರಂತೂ ಓದಲೇಬಾರದಿತ್ತು.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ದಿನಚರಿಯನ್ನು ಆಗಲೇ ಯಾರೋ ತೆರೆದಿದ್ದಾರೆ ಎಂದು ತೋರಿಸಿತು, ಅದೂ ಮನೆಯೊಳಗಿನಿಂದ. ಬೀಗ ಹಾಕಿ ಬಂದವಳು ನಾನೇ. ಕೂಡಲೇ ಅವರಿಗೆ ಫೋನ್ ಮಾಡಿದೆ.

"ಮನೆಗೆ ಹೋಗಿದ್ದೀರಾ?"

"ಎಲ್ಲಿಂದ ಹೋಗ್ಲಿ? ಮೀಟಿಂಗಲ್ಲಿ ಸಾಯ್ತಾ ಇದ್ದೀನಿ. ಏನೇ, ಪತ್ತೇದಾರಿ ಕೆಲಸ ಶುರು ಮಾಡಿದ್ಯಾ?" ಅವರ ಹಿಂದೆ ಯಾರೋ ಗೊಳ್ಳೆಂದು ನಕ್ಕರು.

ಪಾಸ್‌ವರ್ಡ್ ಬದಲಿಸಿದೆ. ಐದು ನಿಮಿಷದಲ್ಲಿ ದಿನಚರಿ ಮತ್ತೆ ಮನೆಯೊಳಗಿನಿಂದಲೇ ತೆರೆದುಕೊಂಡಿತು.

ಅರ್ಧ ದಿನ ರಜೆ ಹಾಕಿ ಓಡಿಬಂದೆ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಪೆಟ್ಟಿಗೆ ಸಣ್ಣಗೆ ಟಕಟಕ ಎನ್ನುತ್ತಿತ್ತು. ಕಂಪ್ಯೂಟರ್ ಆರಿ ತಣ್ಣಗಿತ್ತು, ಅದರ ಮುಂದಿನ ಕುರ್ಚಿ ಮಾತ್ರ ಆಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು. ಪೆಟ್ಟಿಗೆಯ ವೈರು ಕಿತ್ತೆ.

ಸಂಜೆ ಅವರೇ ಅದನ್ನು ಮತ್ತೆ ಜೋಡಿಸಿದರು. ನಾನು ದಿನಚರಿಯನ್ನು ಮೊದಲಿನಿಂದ ಓದಿದೆ.

"ಏನಾದ್ರೂ ಅಳಿಸಿಹೋಗಿದ್ಯಾ?"

"ಇಲ್ಲ, ಎಲ್ಲಾ ಇದೆ."

ಒಂದು ವಾಕ್ಯ ಇರಲಿಲ್ಲ. ಎಂದಾದರೂ ಅವರು ಕದ್ದು ಓದಿದರೆ ಕಣ್ಣಿಗೆ ಬೀಳಲೆಂದು, ನಾನು ಇವರ ಜೊತೆ ಸುಖವಾಗಿದ್ದೇನೆ ಎಂದು ಬರೆದಿದ್ದೆ. ಅಷ್ಟೂ ಪುಟಗಳಲ್ಲಿ ನಾನು ಬರೆದಿದ್ದ ಸುಳ್ಳು ಅದೊಂದೇ.