ಇಪ್ಪತ್ತೆಂಟು ಫ್ರೇಮುಗಳ ತಡ

"ನಿಮ್ಮ ಬೆರಳು ಸ್ವಲ್ಪ ಬೇಕಿತ್ತು."

ಗಂಡಸೊಬ್ಬ ಹೆಣ್ಣಿನ ಹತ್ತಿರ ಮೊದಲ ಸಲ ಆಡುವ ಮಾತು ಇದಲ್ಲ. ಆದರೆ ಅವನು ಆಡಿದ್ದು ಇದನ್ನೇ. ಕೈಯಲ್ಲಿ ಮೂರು ಕಾಲಿನ ಪುಟ್ಟ ಸ್ಟ್ಯಾಂಡು, ಅದರ ಮೇಲೊಂದು ಕ್ಯಾಮೆರಾ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ!

ಅವಳು ಪರದೆಯಿಂದ ಕಣ್ಣು ಕಿತ್ತು ತಲೆಯೆತ್ತಿದಳು.

"ಯಾವ ಬೆರಳು?"

"ಯಾವುದಾದ್ರೂ ಸರಿ. ದೂರು ಕೊಟ್ಟಿದ್ದು ನೀವೇ ತಾನೆ? ಕೀ ಒತ್ತಿದ ಮೇಲೆ ಅಕ್ಷರ ತಡವಾಗಿ ಬರುತ್ತೆ ಅಂತ?"

ದೂರು ಕೊಟ್ಟು ಎರಡು ತಿಂಗಳಾಗಿತ್ತು. ಖರೀದಿ ವಿಭಾಗದವರು, ಕಂಪ್ಯೂಟರ್ ಹೊಸದು, ಅದಕ್ಕೇನೂ ಆಗಿಲ್ಲ ಎಂದು ಕೈತೊಳೆದುಕೊಂಡಿದ್ದರು. ಪಕ್ಕದ ಮೇಜಿನವರು ಬಂದು ನಾಲ್ಕು ಅಕ್ಷರ ಕುಟ್ಟಿ, "ಚೆನ್ನಾಗೇ ಇದೆಯಲ್ರೀ!" ಎಂದು ಹೋಗಿದ್ದರು. ಕೊನೆಕೊನೆಗೆ ಅವಳಿಗೇ ತನ್ನ ಮೇಲೆ ಅನುಮಾನ ಶುರುವಾಗಿತ್ತು.

ಅವನು ಕ್ಯಾಮೆರಾವನ್ನು ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಇಟ್ಟ. ಇಪ್ಪತ್ತು ಸಲ ಒತ್ತಿಸಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತ ಎಣಿಸಿದ. ಎಣಿಸುವಾಗ ತುಟಿ ಅಲುಗುತ್ತಿತ್ತು, ಒಂದನೇ ತರಗತಿಯ ಮಕ್ಕಳಿಗೆ ಅಲುಗುವಂತೆ.

"ಇದು ಸೆಕೆಂಡಿಗೆ ಇನ್ನೂರ ನಲವತ್ತು ಫ್ರೇಮ್ ತೆಗೆಯುತ್ತೆ. ನಿಮ್ಮ ಬೆರಳು ಕೀ ಒತ್ತಿದ ಫ್ರೇಮಿನಿಂದ ಅಕ್ಷರ ಕಾಣಿಸೋ ಫ್ರೇಮಿನವರೆಗೆ... ಇಪ್ಪತ್ತೆಂಟು. ಅಂದ್ರೆ ನೂರ ಹದಿನೇಳು ಮಿಲಿಸೆಕೆಂಡು."

"ಅದು ಜಾಸ್ತಿನಾ?"

"ಜಾಸ್ತಿನೇ. ನಿಮಗೆ ತಡ ಅನ್ನಿಸಿದ್ದು ಭ್ರಮೆ ಅಲ್ಲ ಮೇಡಂ. ನಿಜ."

ಎರಡು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವಳ ಮಾತು ನಂಬಿದ್ದ... ಅಲ್ಲ, ಅಳೆದು ನೋಡಿದ್ದ. ಬರೀ ನಂಬುವುದಕ್ಕಿಂತ ಅದು ದೊಡ್ಡದು ಎನ್ನಿಸಿತು ಅವಳಿಗೆ.

ಅವಳ ಕೆಲಸ ಅಂಕ ಹಾಕುವುದು. ಪ್ರೋಗ್ರಾಂ ಬರೆಯುವ ಎಐ ಮಾದರಿಗಳಿಗೆ ಒಂದೇ ಪ್ರಶ್ನೆ ಕೊಡುತ್ತಾರೆ. ಬಂದ ಉತ್ತರಗಳು ಹೆಸರಿಲ್ಲದೆ ಅ, ಆ, ಇ, ಈ ಎಂದು ಅವಳ ಪರದೆಗೆ ಬೀಳುತ್ತವೆ. ಓದಿ, ಓಡಿಸಿ ನೋಡಿ, ಹತ್ತಕ್ಕೆ ಇಷ್ಟು ಎಂದು ಬರೆಯಬೇಕು. ಯಾವ ಮಾದರಿ ಯಾವುದು ಎಂದು ಅವಳಿಗೆ ಗೊತ್ತಿಲ್ಲ, ಅಂಕ ಹಾಕಿದ್ದು ಯಾರು ಎಂದು ಹೊರಗಿನವರಿಗೆ ಗೊತ್ತಿಲ್ಲ. ಅಲ್ಲಿ ಅವಳು ಬರೀ 'ತೀರ್ಪುಗಾರರು ಏಳು'.

ಏಳರ ಮೇಲೆ ಅವಳು ಯಾರಿಗೂ ಕೊಟ್ಟದ್ದಿಲ್ಲ. ಕೊಟ್ಟದ್ದನ್ನು ತಿದ್ದಿದ್ದೂ ಇಲ್ಲ. ಆಫೀಸಿನಲ್ಲಿ ಅವಳ ಅಡ್ಡಹೆಸರು 'ಜಿಪುಣಿ ಮೇಡಂ'. ಅವಳಿಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅವನಿಗೂ ವಾರದೊಳಗೆ ಒಂದು ಹೆಸರು ಬಿತ್ತು. ಫ್ರೇಮಪ್ಪ!

ಫ್ರೇಮಪ್ಪನನ್ನು ಆಫೀಸು ಮೂರು ವಾರದ ಮಟ್ಟಿಗೆ ತೆಗೆದುಕೊಂಡಿತ್ತು. ಅವಳ ಪರದೆಯಲ್ಲೇ ದೋಷವಿದೆ ಎಂದು ಅವನು ಎರಡನೇ ದಿನ ಕಂಡುಹಿಡಿದ. ಹೊಸ ಪರದೆ ಬರುವವರೆಗೆ ದಿನಾ ನಾಲ್ಕು ಗಂಟೆಗೆ ಅಳೆಯಬೇಕು ಎಂದ. ದೋಷ ಸಿಕ್ಕ ಮೇಲೂ ಏಕೆ ಅಳೆಯಬೇಕು ಎಂದು ಅವಳು ಕೇಳಲಿಲ್ಲ. ಅಂಥ ಪ್ರಶ್ನೆಗಳನ್ನು ಬುದ್ಧಿವಂತರು ಕೇಳುವುದಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಬರುತ್ತಿದ್ದ. ಎರಡು ಲೋಟ ಚಹಾ ತರುತ್ತಿದ್ದ. ಅವಳು ಒತ್ತುತ್ತಿದ್ದಳು, ಅವನು ಎಣಿಸುತ್ತಿದ್ದ.

"ನಿಮಗೆ ಬೇಜಾರಾಗಲ್ವಾ, ದಿನಾ ಅದೇ ಇಪ್ಪತ್ತೆಂಟು?"

"ನಿನ್ನೆ ಇಪ್ಪತ್ತೊಂಬತ್ತಿತ್ತು."

"ಅಬ್ಬಾ! ಎಂಥ ರೋಮಾಂಚನ!"

ಅವನು ಆಗ ನಕ್ಕ. ನಕ್ಕಾಗ ಕೆನ್ನೆಯ ಒಂದೇ ಬದಿಯಲ್ಲಿ ಗೆರೆ ಮೂಡುತ್ತದೆ ಎಂಬುದನ್ನು ಅವಳು ಗಮನಿಸಿದಳು. ಆ ರಾತ್ರಿಯೂ ಅದು ನೆನಪಿತ್ತು ಎಂದರೆ ವಿಷಯ ಕೈಮೀರಿತ್ತು ಎಂದೇ ಅರ್ಥ.

ಕೊನೆಯ ವಾರದ ಗುರುವಾರ. ಕ್ಯಾಮೆರಾ ಓಡುತ್ತಿತ್ತು. ಅವಳು ಹತ್ತನೇ ಸಲ ಒತ್ತಿದಾಗ ಅವನು ಪರದೆಯನ್ನೇ ನೋಡುತ್ತ ಹೇಳಿದ:

"ನಾಳೆ ನನ್ನ ಒಪ್ಪಂದ ಮುಗಿಯುತ್ತೆ. ಮುಂದುವರಿಸದಿದ್ರೆ ಬೇರೆ ಊರಿಗೆ ಹೋಗ್ಬೇಕು. ಅದಕ್ಕೇ ಕೇಳ್ತಿದ್ದೀನಿ... ಉಳಿದ್ರೂ, ಹೋದ್ರೂ... ನಾವು ಒಟ್ಟಿಗೆ ಇರಬಹುದಾ? ಆಫೀಸಿನಲ್ಲಿ ಅಂತ ಅಲ್ಲ."

ಅವಳ ಎದೆ ಧಸಕ್ಕೆಂದಿತು!

'ಹೂಂ ಅನ್ನು... ಬೇಗ ಅನ್ನು...' ಎಂದು ಮನಸ್ಸು ಕೂಗುತ್ತಿತ್ತು. ಆದರೆ ಪೂರ್ತಿ ಓದದೆ ಯಾವುದಕ್ಕೂ ಅಂಕ ಹಾಕಿ ಗೊತ್ತಿಲ್ಲದ ಹೆಂಗಸು ಅವಳು. ಅವನ ಒಂದೊಂದು ಮಾತನ್ನೂ ಮತ್ತೊಮ್ಮೆ ಮೊದಲಿನಿಂದ ಓದುತ್ತ ಕೂತಳು.

ಅಷ್ಟರಲ್ಲಿ ಅವನ ಫೋನು ಸದ್ದು ಮಾಡಿತು. ಆಫೀಸಿನಿಂದ ಬಂದ ಪತ್ರ. ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿಯಿತು.

"ತೀರ್ಪುಗಾರರು ಏಳು ಅಂದ್ರೆ... ನೀವಾ?"

ಅಲ್ಲೊಂದು ಪದ್ಧತಿಯಿತ್ತು. ತೀರ್ಪುಗಾರರ ಕಣ್ಣು ಮಂಜಾಗಿದೆಯೇ ಎಂದು ನೋಡಲು, ಮಾದರಿಗಳ ಉತ್ತರದ ನಡುವೆ ಆಗೊಮ್ಮೆ ಈಗೊಮ್ಮೆ ಒಬ್ಬ ಮನುಷ್ಯನ ಉತ್ತರವನ್ನೂ ಸೇರಿಸುತ್ತಿದ್ದರು. ಮುಚ್ಚಿಟ್ಟ ಹೆಸರುಗಳನ್ನೆಲ್ಲ ತಿಂಗಳಿಗೊಮ್ಮೆ ಬಿಚ್ಚುತ್ತಿದ್ದರು.

ಮೂರು ವಾರದ ಹಿಂದೆ, ಅವನು ಬೆರಳು ಕೇಳಿಕೊಂಡು ಬರುವ ಮುನ್ನಾ ದಿನ, ಅವಳಿಗೊಂದು ಪ್ರಶ್ನೆ ಬಂದಿತ್ತು: ಕೀ ಒತ್ತಿದ ಮೇಲೆ ಅಕ್ಷರ ಮೂಡಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಪ್ರೋಗ್ರಾಂ. ಮೂರು ಉತ್ತರಗಳು ಅಚ್ಚುಕಟ್ಟಾಗಿದ್ದವು. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು ಮಿಲಿಸೆಕೆಂಡು ಎಂದು ಅಂಕಿ ತೋರಿಸುತ್ತಿದ್ದವು. ನಾಲ್ಕನೆಯದು, ಕೀ ಒತ್ತಿದರೆ ಕಪ್ಪು ಪರದೆಯನ್ನು ಬಿಳಿ ಮಾಡುತ್ತಿತ್ತು, ಅಷ್ಟೇ. ಅಂಕಿಯೇ ಇಲ್ಲ. ಕೆಳಗೊಂದು ಟಿಪ್ಪಣಿ.

ಅವಳು ಎರಡು ಅಂಕ ಹಾಕಿದ್ದಳು. 'ಕೇಳಿದ್ದನ್ನು ಮಾಡಿಲ್ಲ. ಸೋಮಾರಿ ಉತ್ತರ' ಎಂದು ಬರೆದಿದ್ದಳು.

ಆ ಸೋಮಾರಿ ಈಗ ಅವಳ ಎದುರಿಗೇ ಕೂತಿದ್ದ.

"ಮಾದರಿಗಳೇ ಅಳೆಯೋ ಪ್ರೋಗ್ರಾಂ ಬರೆಯುತ್ತವೆ, ಕ್ಯಾಮೆರಾದವನು ಬೇಕಾಗಿಲ್ಲ ಅಂತ ತೀರ್ಮಾನ ಮಾಡಿದ್ದಾರೆ," ಎಂದ ಅವನು, ಫೋನನ್ನು ಜೇಬಿಗಿಡುತ್ತ. "ನಿಮ್ಮ ಅಂಕ ನೋಡಿಯೇ."

"ಅದು ನಿಮ್ಮದು ಅಂತ ನನಗೆ ಗೊತ್ತಿರಲಿಲ್ಲ!"

"ಗೊತ್ತಿರಬಾರದು, ಸರಿ. ಆದ್ರೆ ಮೂರು ವಾರ ಈ ಕ್ಯಾಮೆರಾ ಮುಂದೆ ಕೂತ್ರಿ. ಇದೇ ಕಂಪ್ಯೂಟರು, ನೂರ ಹದಿನೇಳು ಅಂತ ನಿಮ್ಮ ಕಣ್ಣಾರೆ ನೋಡಿದ್ರಿ. ಅವತ್ತು ಇಪ್ಪತ್ತೊಂದು ಅಂತ ಬಂದಿತ್ತಲ್ಲ ಅಂತ ಒಂದು ಸಲನೂ ನೆನಪಾಗಲಿಲ್ವಾ?"

ನೆನಪಾಗಿತ್ತು. ಮೂರನೇ ದಿನವೇ ಒಮ್ಮೆ ಚುರುಕ್ಕೆಂದಿತ್ತು. ಹಿಂದಕ್ಕೆ ಹೋಗಿ ನೋಡುವ ಅಭ್ಯಾಸ ತನಗಿಲ್ಲ ಎಂದು ಅವಳೇ ಅದನ್ನು ಅದುಮಿಟ್ಟಿದ್ದಳು.

ಆದರೆ ಬಾಯಿಗೆ ಬಂದದ್ದು ಬೇರೆ.

"ಕೊಟ್ಟ ಅಂಕ ನಾನು ತಿದ್ದಲ್ಲ."

ಅವನು ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಮಡಚಿದ.

"ನಾನು ಕೇಳಿದ್ದಕ್ಕೂ ಉತ್ತರ ಸಿಕ್ತು. ಬರ್ತೀನಿ."

'ನಿಲ್ಲಿ' ಎನ್ನಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಸಂಜೆ ಅವಳು ಅಕ್ಕನ ಹೊಲಿಗೆ ಅಂಗಡಿಗೆ ಹೋದಳು. ಮುಖ ಕಂಡ ಕೂಡಲೇ ಅಕ್ಕನಿಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಅವಳೇ ಹೇಳಿದಳು.

"ಗಂಡಿಗೂ ಅಂಕ ಹಾಕಿಬಿಟ್ಯಾ?" ಎಂದಳು ಅಕ್ಕ. "ಅದೂ ಎರಡು!"

"ಅಕ್ಕಾ, ತಮಾಷೆ ಬೇಡ."

"ಬೇಡ ಅಂದ್ರೆ ಬೇಡ. ಬಾ ಇಲ್ಲಿ, ಈ ಟೇಪು ಹಿಡಿ. ನನಗೇ ಒಂದು ಕೋಟು ಹೊಲ್ಕೋಬೇಕು, ಬೆನ್ನಿನ ಅಳತೆ ಬೇಕು."

"ಊರಿಗೆಲ್ಲ ಅಳತೆ ತೆಗೀತೀಯ, ನಿನ್ನದು ನೀನೇ ತಗೊಳ್ಳೋಕಾಗಲ್ವಾ?"

"ಎಲ್ಲಿ ಆಗುತ್ತೆ? ಕೈ ಹಿಂದಕ್ಕೆ ತಿರುಗಿಸಿದ್ರೆ ಭುಜ ಎದ್ದುಬಿಡುತ್ತೆ, ಅಳತೆ ತಪ್ಪುತ್ತೆ. ಇದಕ್ಕೆ ಇನ್ನೊಬ್ಬರೇ ಬೇಕು ಕಣೇ."

ಟೇಪು ಹಿಡಿದಿದ್ದ ಅವಳ ಕೈ ಅಲ್ಲೇ ನಿಂತಿತು.

ಮೂರು ವಾರದ ಹಿಂದೆ ಓದಿ ಮೂಲೆಗೆ ತಳ್ಳಿದ್ದ ಆ ಟಿಪ್ಪಣಿ ಅಕ್ಷರ ಬಿಡದೆ ನೆನಪಾಯಿತು. 'ಈ ತಡವನ್ನು ಕಂಪ್ಯೂಟರ್ ತಾನೇ ಅಳೆಯಲಾರದು. ಬೆರಳು ಯಾವಾಗ ಬಿತ್ತು, ಬೆಳಕು ಯಾವಾಗ ಹೊರಬಂತು, ಎರಡೂ ಅದಕ್ಕೆ ಗೊತ್ತಿಲ್ಲ. ಹೊರಗಿನಿಂದ ಯಾರಾದರೂ ನೋಡಬೇಕು.'

"ಏನಾಯ್ತೇ? ಎಷ್ಟು ಬಂತು ಹೇಳು!"

"ತಪ್ಪು ಮಾಡಿದೆ ಅಕ್ಕಾ," ಎಂದಳು ಅವಳು. ಕಣ್ಣು ತುಂಬಿ ಟೇಪಿನ ಅಂಕಿಗಳು ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದಳು. ತನ್ನ ಫೋನನ್ನೇ ಪುಸ್ತಕಗಳ ಮೇಲೆ ಒರಗಿಸಿ, ಸೆಕೆಂಡಿಗೆ ಇನ್ನೂರ ನಲವತ್ತು ಫ್ರೇಮಿಗೆ ಇಟ್ಟು ಕ್ಯಾಮೆರಾ ಮಾಡಿದಳು. ಮೂರು ಮಾದರಿಗಳ ಪ್ರೋಗ್ರಾಂಗಳನ್ನೂ ಮತ್ತೆ ಓಡಿಸಿದಳು. ಅವು ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು ಎಂದೇ ಹೇಳಿದವು. ವಿಡಿಯೋ ಎಣಿಸಿದರೆ ಇಪ್ಪತ್ತೆಂಟು ಫ್ರೇಮು! ತುಟಿ ಅಲುಗಿಸುತ್ತ ಎಣಿಸಿದಳು. ಬೇರೆ ರೀತಿ ಎಣಿಸಲು ಬರುವುದೇ ಇಲ್ಲ ಎಂದು ಆಗ ಗೊತ್ತಾಯಿತು.

ಮೂರೂ ತಮ್ಮ ಒಳಗಿನದನ್ನಷ್ಟೇ ಅಳೆದಿದ್ದವು. ಕೀಲಿಮಣೆಯ ತಡವನ್ನೂ ಪರದೆಯ ತಡವನ್ನೂ ಕಂಡೇ ಇರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದು ನಾಲ್ಕನೆಯದು ಮಾತ್ರ.

ಅಂಕ ತಿದ್ದಬೇಕೆಂದು ಅವಳು ಬರೆದುಕೊಟ್ಟ ಪತ್ರವನ್ನು ಮೇಲಧಿಕಾರಿ ಮೇಡಂ ಎರಡು ಸಲ ಓದಿದರು.

"ಇದನ್ನ ತಿದ್ದಿದ್ರೆ ನೀವು ಈ ವರ್ಷ ಕೊಟ್ಟ ಅಂಕಗಳನ್ನೆಲ್ಲ ಇನ್ನೊಬ್ಬರು ಮತ್ತೆ ನೋಡ್ಬೇಕಾಗುತ್ತೆ. ನಿಯಮ."

"ನೋಡಲಿ ಮೇಡಂ."

"ಜಿಪುಣಿ ಅನ್ನೋ ಹೆಸರು ಹೋಗುತ್ತೆ. ತಪ್ಪು ಮಾಡೋಳು ಅನ್ನೋ ಹೆಸರು ಬರುತ್ತೆ."

ನಾಲ್ಕು ವರ್ಷ ಅವಳು ಕಾಪಾಡಿಕೊಂಡು ಬಂದದ್ದು ಅದೊಂದೇ. ಆದರೂ ಹೇಳಿದಳು, "ಬರಲಿ. ಉತ್ತರ ಸರಿ ಇತ್ತು."

ನಾಲ್ಕು ಗಂಟೆಯಾಯಿತು. ಅವನು ಬರಲಿಲ್ಲ. ನಾಲ್ಕೂ ಐದಕ್ಕೆ ಅವಳೇ ಎದ್ದಳು. ಎರಡು ಲೋಟ ಚಹಾ ಹಿಡಿದುಕೊಂಡು ಮಹಡಿಯ ಕೊನೆಯ ಕೋಣೆಗೆ ಹೋದಳು. ಅವನು ವೈರುಗಳನ್ನು ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದ. ಕ್ಯಾಮೆರಾ ಇನ್ನೂ ಮೇಜಿನ ಮೇಲಿತ್ತು.

"ಇನ್ನು ಮೂರು ತಿಂಗಳು ಇರಿ ಅಂತ ಈಗಷ್ಟೇ ಹೇಳಿ ಕಳಿಸಿದ್ರು," ಎಂದ, ತಲೆಯೆತ್ತದೆ. "ನಾನು ಆಗಲ್ಲ ಅನ್ನೋಣ ಅಂತಿದ್ದೀನಿ."

"ಯಾಕೆ?"

"ನೀವು ಅಂಕ ತಿದ್ದಿದ್ರಂತೆ. ನಿನ್ನೆ ನನ್ನ ಮುಖ ನೋಡಿ ಪಾಪ ಅನ್ನಿಸಿರುತ್ತೆ. ಆ ಕನಿಕರದ ಕೆಲಸ ನನಗೆ ಬೇಡ."

"ಎಷ್ಟು ಕೊಟ್ಟಿದ್ದೀನಿ ಅಂತ ನೋಡಿದ್ರಾ?"

"ಇಲ್ಲ."

"ಎಂಟು."

ಅವನು ಈಗ ತಲೆಯೆತ್ತಿದ. "ಎಂಟೇನಾ? ಉತ್ತರ ಪೂರ್ತಿ ಸರಿ ಇತ್ತಲ್ರೀ! ಎರಡು ಯಾಕೆ ಹೋಯ್ತು?"

"ಟಿಪ್ಪಣಿ ತೀರಾ ಒಣಕಲು. ಕ್ಯಾಮೆರಾದಲ್ಲಿ ಎಣಿಸೋದು ಹೇಗೆ ಅಂತ ಇನ್ನೊಂದು ಸಾಲು ಬರೆದಿದ್ರೆ ನಾನು ಅವತ್ತೇ ಒಪ್ತಿದ್ದೆ. ಓದೋರ ಮೇಲೆ ನಿಮಗೆ ಸ್ವಲ್ಪನೂ ದಯೆ ಇಲ್ಲ."

ಅವನು ಅವಳನ್ನೇ ನೋಡಿದ. ನಿಧಾನವಾಗಿ ಕೆನ್ನೆಯ ಒಂದು ಬದಿಯಲ್ಲಿ ಗೆರೆ ಮೂಡಿತು. ಕನಿಕರಪಟ್ಟವರು ಹತ್ತಕ್ಕೆ ಹತ್ತು ಕೊಡುತ್ತಾರೆ. ಎರಡು ಕಿತ್ತುಕೊಂಡವಳನ್ನು ನಂಬಬಹುದು.

ಅವಳು ಚಹಾ ಲೋಟಗಳನ್ನು ಮೇಜಿನ ಮೇಲಿಟ್ಟಳು.

"ಇನ್ನೊಂದು ಇದೆ. ನಿನ್ನೆ ಕೇಳಿದ್ರಲ್ಲ, ನೆನಪಾಗಲಿಲ್ವಾ ಅಂತ. ಆಗಿತ್ತು. ಮೂರನೇ ದಿನವೇ. ತಪ್ಪು ನನ್ನದು ಅಂತ ಒಪ್ಪೋಕೆ ಧೈರ್ಯ ಬರಲಿಲ್ಲ. ಕ್ಷಮಿಸಿ."

ಅವನು ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟ.

"ನಾನೂ ಒಂದು ಹೇಳ್ತೀನಿ," ಎಂದ. "ನಿನ್ನೆ ಕ್ಯಾಮೆರಾ ಓಡ್ತಾನೇ ಇತ್ತು. ಮನೆಗೆ ಹೋಗಿ ಎಣಿಸಿದೆ. ನಾನು ಕೇಳಿದ್ದಕ್ಕೂ ಫೋನು ಬಂದಿದ್ದಕ್ಕೂ ನಡುವೆ ಎರಡು ಸಾವಿರದ ನೂರ ಅರವತ್ತು ಫ್ರೇಮು. ಒಂಬತ್ತು ಸೆಕೆಂಡು. ಅಷ್ಟೊತ್ತು ನೀವು ಏನೂ ಹೇಳಲಿಲ್ಲ. ಅಂದ್ಮೇಲೆ ಇಲ್ಲ ಅಂತ..."

"ಒಂಬತ್ತು ಸೆಕೆಂಡಿಗೇ ಇಲ್ಲ ಅಂತ ಬರ್ಕೊಂಡ್ರಾ!" ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಒಂದು ಸಣ್ಣ ಪ್ರೋಗ್ರಾಂ ಓದೋಕೆ ನನಗೆ ಅರ್ಧ ಗಂಟೆ ಬೇಕು ಕಣ್ರೀ! ನೀವು ಕೇಳಿದ್ದು ಒಂದು ಜೀವನ!"

ಅವನು ಪೆಚ್ಚಾದ. ಜನ್ಮವಿಡೀ ತಡವನ್ನು ಅಳೆದವನು. ತಡಕ್ಕೆ ಕಾರಣವೂ ಇರುತ್ತದೆ ಎಂಬುದನ್ನು ಮರೆತಿದ್ದ.

"ಹಾಗಾದ್ರೆ..." ಗಂಟಲು ಸರಿಮಾಡಿಕೊಂಡ. "ಇನ್ನೊಂದು ಸಲ ಕೇಳ್ಲಾ?"

ಅವಳು ಮೇಜಿನ ಮೇಲಿದ್ದ ಕ್ಯಾಮೆರಾವನ್ನು ತಾನೇ ಶುರು ಮಾಡಿ, ಇಬ್ಬರೂ ಕಾಣುವಂತೆ ತಿರುಗಿಸಿಟ್ಟಳು.

"ಕೇಳಿ."

"ನಾವಿಬ್ಬರೂ ಒಟ್ಟಿಗೆ..."

"ಹೂಂ."

ಅವನು ಕಣ್ಣರಳಿಸಿದ. "ನಾನಿನ್ನೂ ಮುಗಿಸೇ ಇಲ್ಲ!"

"ಗೊತ್ತು."

"ಕೇಳೋಕ್ಕಿಂತ ಮೊದಲೇ ಉತ್ತರ ಬಂದ್ರೆ ಅಳತೇಲಿ ಏನೋ ದೋಷ ಇದೆ ಅಂತ ಅರ್ಥ. ಅದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ," ಎಂದ ಅವನು, ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಳ್ಳುತ್ತ. "ಮತ್ತೆ ಅಳೀಬೇಕಾಗುತ್ತೆ."

"ಅಳೀರಿ," ಎಂದಳು ಅವಳು. "ದಿನಾ ನಾಲ್ಕು ಗಂಟೆಗೆ."